ಉದುರಿದ ಹಸಿರಡಿಕೆ: ತಿಗಣೆಯೋ, ಕೊಳೆಯೋ?



ಕಾರ್ಕಳದಿಂದ ಪಡುಬಿದ್ರಿಯತ್ತ ಹೊರಟವರಿಗೆ ಬೆಳ್ಮಣ್ಣಿಗೆ ಮೊದಲು ಸಿಗುವ ನಿಟ್ಟೆ, ಹೊರಗಿನವರ ಲೆಕ್ಕದಲ್ಲಿ ಈಗ ಕಾಲೇಜುಗಳ ಊರು. ಹೆದ್ದಾರಿ ಬಿಟ್ಟು ಮಣ್ಣಿನ ದಾರಿಗೆ ಇಳಿದರೆ ಬೇಸಾಯದ ನಿಟ್ಟೆ ಕಾಣುತ್ತದೆ. ಬೈಲಿನಲ್ಲಿ ಗದ್ದೆ, ಗದ್ದೆಯಂಚಿನ ತಂಪಿನಲ್ಲಿ ಅಡಿಕೆ ತೋಟ, ಮನೆಯಂಗಳದ ಸುತ್ತ ತೆಂಗು, ಮೇಲಿನ ಮುರಕಲ್ಲಿನ ಗುಡ್ಡದಲ್ಲಿ ಗೇರು. ಇಲ್ಲಿನ ತೋಟಗಳಲ್ಲಿ ವರ್ಷಕ್ಕೆ ಎರಡು ಸಲ ಹಸಿರಡಿಕೆ ನೆಲ ಸೇರುತ್ತದೆ. ಒಂದು, ಏಪ್ರಿಲ್–ಮೇ ತಿಂಗಳ ಉರಿಯಲ್ಲಿ. ಇನ್ನೊಂದು, ಮಳೆಗಾಲದ ಆಟಿ ತಿಂಗಳಲ್ಲಿ. ಎರಡೂ ಸಲ ಬಿದ್ದದ್ದು ಮನೆಯ ವರ್ಷದ ಆದಾಯವೇ. ಆದರೆ ಬೀಳಿಸಿದವರು ಬೇರೆ ಬೇರೆ.

ಆಟಿಯಲ್ಲಿ ಬೀಳಿಸುವುದು ಕೊಳೆರೋಗ, ಇದು ಎಲ್ಲರಿಗೂ ಗೊತ್ತು. ಬೇಸಗೆಯಲ್ಲಿ ನಳ್ಳಿ, ಅಂದರೆ ಎಳೆಕಾಯಿ, ಉದುರಿದರೆ ಮಾತ್ರ ಉತ್ತರ ಅಷ್ಟು ಸುಲಭವಲ್ಲ. ನೀರು ಸಾಲದೆ ಉದುರಬಹುದು, ಬಿಸಿಲಿನ ಝಳಕ್ಕೆ ಉದುರಬಹುದು, ಸಿಂಗಾರ ಒಣಗಿಸುವ ಶಿಲೀಂಧ್ರದಿಂದ ಉದುರಬಹುದು. ಇವೆಲ್ಲದರ ನಡುವೆ ಕಣ್ತಪ್ಪಿಸಿಕೊಳ್ಳುವ ಒಂದು ಕೀಟವೂ ಇದೆ. ವಿಜ್ಞಾನಿಗಳು ಅದನ್ನು ಪೆಂಟಟೋಮಿಡ್ ತಿಗಣೆ ಎನ್ನುತ್ತಾರೆ. ಮೈ ಗುರಾಣಿಯ ಆಕಾರ, ಬಣ್ಣ ಕಂದು, ಅದರ ಮೇಲೆ ಚುಕ್ಕೆ. ಮುಟ್ಟಿದರೆ ಕೈಗೆ ಕೆಟ್ಟ ವಾಸನೆ ಹತ್ತಿಸುತ್ತದೆ. ಹಾಲಿಯೊಮಾರ್ಫಾ ಎಂಬ ಕುಲದ್ದು. ಅಡಿಕೆಯ ಎಳೆಕಾಯಿ ಉದುರಲು ಇದೂ ಕಾರಣವೆಂದು ಸಂಶೋಧಕರು ಗುರುತಿಸಿದ್ದು 1980ರ ದಶಕದಲ್ಲಿ. ಅದಕ್ಕೆ ಮುಂಚೆಯೂ ನಳ್ಳಿ ಉದುರುತ್ತಿತ್ತು, ಬೈಗುಳವೆಲ್ಲ ಬಿಸಿಲಿಗೆ ಹೋಗುತ್ತಿತ್ತು.

ಈ ತಿಗಣೆಗೆ ಕಚ್ಚಿ ಜಗಿಯುವ ಹಲ್ಲಿಲ್ಲ. ಇರುವುದು ಸೂಜಿಯಂಥ ಸೊಂಡಿಲು. ಕಾಯಿಯ ತೊಟ್ಟಿನ ಬಳಿ ಸಿಪ್ಪೆ ಮೆತ್ತಗಿರುವಲ್ಲಿ ಅದನ್ನು ಚುಚ್ಚಿ, ಒಳಗೆ ಜೊಲ್ಲು ಬಿಟ್ಟು, ಇನ್ನೂ ನೀರುನೀರಾಗಿರುವ ತಿರುಳನ್ನು ಹೀರುತ್ತದೆ. ಒಂದು ಕಾಯಿ ಮುಗಿಯಿತೆಂದರೆ ಮುಂದಿನದಕ್ಕೆ ನಡೆಯುತ್ತದೆ, ಬೇಕೆನಿಸಿದರೆ ಪಕ್ಕದ ಮರಕ್ಕೆ ಹಾರುತ್ತದೆ. ಮೊಟ್ಟೆ ಇಡುವುದು ಗುಂಪುಗುಂಪಾಗಿ. ಅದರಿಂದ ಹೊರಟ ಮರಿ ಐದು ಹಂತ ದಾಟಿ, ಹಂತಹಂತಕ್ಕೂ ಪೊರೆ ಕಳಚಿ ರೆಕ್ಕೆಯ ತಿಗಣೆಯಾಗುತ್ತದೆ. ಗೂಡು ಕಟ್ಟಿ ನಿದ್ದೆ ಹೋಗುವ ಹಂತ ಇದಕ್ಕಿಲ್ಲ. ಹಾಗಾಗಿ ಮರಿಯೂ ಹೀರುತ್ತದೆ, ದೊಡ್ಡದೂ ಹೀರುತ್ತದೆ.

ಬಿದ್ದ ನಳ್ಳಿಯನ್ನು ಕೈಯಲ್ಲಿ ಹಿಡಿದು ಹೊರಗಿನಿಂದ ನೋಡಿದರೆ ಇದೊಂದೂ ತಿಳಿಯುವುದಿಲ್ಲ. ಹೆಚ್ಚೆಂದರೆ ತೊಟ್ಟಿನ ಬಳಿ ಸೂಜಿ ತಾಗಿದಷ್ಟು ಕಂದು ಚುಕ್ಕೆ. ಕತ್ತಿಯಿಂದ ಉದ್ದಕ್ಕೆ ಸೀಳಿದಾಗ ಕಥೆ ಹೊರಬರುತ್ತದೆ. ಸಿಪ್ಪೆಯ ನಾರಿನ ನಡುವೆ ಸಣ್ಣ ಕಂದು ಗೆರೆ ಒಳಗಿಳಿದಿರುತ್ತದೆ, ಅದು ಮುಗಿಯುವ ಜಾಗದಲ್ಲಿ ತಿರುಳಿನ ಮೇಲೆ ಕಪ್ಪಗಿನ ಕಲೆ. ಸೊಂಡಿಲು ಹೋದ ದಾರಿ ಅದು. ಆ ಗೆರೆ ಸಿಕ್ಕಿತೆಂದರೆ ತಿಗಣೆಯ ಕೆಲಸವೆಂದು ಹೇಳಬಹುದು. ಸಿಗದಿದ್ದರೆ ನೀರು, ಗೊಬ್ಬರ, ಸಿಂಗಾರ ಇವುಗಳ ಕಡೆ ನೋಡಬೇಕು. ಒಂದೆರಡು ಕಾಯಿ ಸೀಳಿ ತೀರ್ಮಾನಕ್ಕೆ ಬರಬಾರದು. ತೋಟದ ಬೇರೆ ಬೇರೆ ಮೂಲೆಗಳಿಂದ ಒಂದು ಹಿಡಿಯಷ್ಟಾದರೂ ಹೆಕ್ಕಿ ಸೀಳಬೇಕು.

ಕೊಳೆರೋಗದ ಕಾಯಿಯಲ್ಲಿ ಇಂಥ ದಾರಿ ಇರುವುದಿಲ್ಲ. ಆ ರೋಗಾಣುವಿಗೆ ಸೊಂಡಿಲಿಲ್ಲ, ಕಾಲಿಲ್ಲ, ರೆಕ್ಕೆಯಿಲ್ಲ. ಮಳೆ ಹಿಡಿದು ಹದಿನೈದಿಪ್ಪತ್ತು ದಿನಗಳಾಗುವಷ್ಟರಲ್ಲಿ ಕಾಯಿಯ ಮೇಲೆ, ಹೆಚ್ಚಾಗಿ ತೊಟ್ಟಿನ ಬಳಿಯೇ, ನೀರಿನಲ್ಲಿ ನೆನೆದಂಥ ಕಡು ಹಸಿರು ಮಚ್ಚೆ ಕಾಣಿಸಿಕೊಳ್ಳುತ್ತದೆ. ಮಚ್ಚೆ ಹಬ್ಬುತ್ತದೆ, ಕಾಯಿ ಹೊಳಪು ಕಳೆದುಕೊಳ್ಳುತ್ತದೆ, ತೊಟ್ಟು ಸಡಿಲವಾಗಿ ಕಳಚಿ ಬೀಳುತ್ತದೆ. ಬಿದ್ದ ಕಾಯಿಯ ಮೇಲೆ ಹತ್ತಿ ಹಿಂಜಿ ಹರಡಿದಂತೆ ಬಿಳಿ ಬೂಸು. ಮಳೆಗಾಲದ ಕೊನೆಗೆ ಸೋಂಕು ತಗಲಿದರೆ ಕಾಯಿ ಬೀಳದೆ ಗೊನೆಯಲ್ಲೇ ಒಣಗುವುದೂ ಉಂಟು. ರೋಗ ಮೇಲೇರಿ ಮರದ ತುದಿಯ ಚಂಡೆಗೆ ತಗಲಿದರಂತೂ ಫಸಲಿನ ಜೊತೆ ಮರವೂ ಹೋಗುತ್ತದೆ.

ಬರಿಗಣ್ಣಿಗೆ ಕಾಣದ ಕೆಲಸ ನಡೆಯುವುದು ಕಾಯಿಯ ಮೇಲೆ ನಿಂತ ತೆಳ್ಳನೆಯ ನೀರಿನ ಪದರದಲ್ಲಿ. ಬೂಸಿನ ಎಳೆಗಳ ತುದಿಯಲ್ಲಿ ನಿಂಬೆಹಣ್ಣಿನ ಆಕಾರದ ಸೂಕ್ಷ್ಮ ಚೀಲಗಳು ಹುಟ್ಟುತ್ತವೆ. ತಂಪು ನೀರು ತಾಗಿದರೆ ಚೀಲ ಬಿರಿಯುತ್ತದೆ. ಒಳಗಿಂದ ಹೊರಬರುವ ಕಣಗಳಿಗೆ ಎರಡೆರಡು ಬಾಲ, ಅವು ನಿಜವಾಗಿ ಈಜುತ್ತವೆ. ಕಾಯಿಯ ಮೇಲ್ಮೈ ತಲುಪಿದ ಮೇಲೆ ಬಾಲ ಕಳಚಿಕೊಂಡು, ಅಲ್ಲೇ ಅಂಟಿ, ಮೊಳೆತು ಒಳನುಗ್ಗುತ್ತವೆ. ಮರದಿಂದ ಮರಕ್ಕೆ ಇವನ್ನು ಒಯ್ಯುವುದು ಮಳೆಹನಿಯ ಸಿಡಿತ ಮತ್ತು ಗಾಳಿ. ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ, ನಡುನಡುವೆ ಬಿಸಿಲು ಇಣುಕಿ ಮತ್ತೆ ಮಳೆ ಕವಿಯುವ ದಿನಗಳಲ್ಲಿ, ಇದಕ್ಕೆ ಬೇಕಾದ್ದೆಲ್ಲ ತಾನಾಗಿ ಒದಗುತ್ತದೆ.

ತಿಗಣೆ ತನ್ನ ಊಟವನ್ನು ಹುಡುಕಿಕೊಂಡು ಹೋಗುತ್ತದೆ. ಕೊಳೆಯ ರೋಗಾಣುವಿಗೆ ನೀರಿಲ್ಲದೆ ಒಂದು ಹೆಜ್ಜೆಯೂ ಇಲ್ಲ. ಮದ್ದಿನ ಕಾಲ, ಮದ್ದಿನ ಬಗೆ, ಮದ್ದು ತಾಗಬೇಕಾದ ಜಾಗ ಎಲ್ಲವೂ ಈ ಒಂದು ವ್ಯತ್ಯಾಸದಿಂದಲೇ ಹೊರಡುತ್ತವೆ.

ಈ ಎರಡು ಲೋಕಗಳನ್ನೂ ಒಬ್ಬನೇ ಮನುಷ್ಯ ಅಭ್ಯಾಸ ಮಾಡಿದ ಕಾಲ ಕನ್ನಡ ನಾಡಿನಲ್ಲಿತ್ತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಬಂದರು. ಅವರ ಹುದ್ದೆಯೇ ಶಿಲೀಂಧ್ರ ಶಾಸ್ತ್ರಜ್ಞ ಮತ್ತು ಕೀಟ ಶಾಸ್ತ್ರಜ್ಞ ಎಂಬ ಜೋಡು ಹುದ್ದೆ. ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಬೆನ್ನುಹತ್ತಿದ ಅವರು 1910ರಲ್ಲಿ ಅದರ ಕುರಿತ ವಿವರವಾದ ವರದಿ ಪ್ರಕಟಿಸಿ, ರೋಗಾಣುವನ್ನು ಫೈಟಾಫ್ತೊರಾ ಕುಲಕ್ಕೆ ಸೇರಿಸಿದರು. ಅದೇ ಹೊತ್ತಿಗೆ ಬಯಲುಸೀಮೆಯ ಜೋಳದ ಹೊಲಗಳನ್ನು ಬೋಳು ಮಾಡುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯ ಬೆನ್ನನ್ನೂ ಹತ್ತಿದ್ದರು. ಆ ಮಿಡತೆಗೆ 1910ರಲ್ಲಿ ಸ್ಪೇನಿನ ಕೀಟತಜ್ಞ ಬೊಲಿವಾರ್ ಕೊಟ್ಟ ಹೆಸರು ಕೋಲ್ಮೇನಿಯಾ. ಒಂದೇ ವರ್ಷದಲ್ಲಿ ಕೋಲ್ಮನ್ನರು ರೋಗಾಣುವಿಗೆ ಹೆಸರಿಟ್ಟರು, ಕೀಟವೊಂದಕ್ಕೆ ಅವರದೇ ಹೆಸರು ಬಂತು.

ಎರಡಕ್ಕೂ ಅವರು ಹುಡುಕಿದ ಉಪಾಯಗಳು ಒಂದಕ್ಕೊಂದು ಹೋಲುವುದಿಲ್ಲ, ನೋಡಬೇಕಾದ್ದು ಅದನ್ನೇ. ಜೋಳದ ಮಿಡತೆ ವರ್ಷದ ಬಹುಭಾಗವನ್ನು ಮಣ್ಣಿನೊಳಗೆ ಮೊಟ್ಟೆಯಾಗಿ ಕಳೆಯುತ್ತದೆ, ಮುಂಗಾರು ಬಿದ್ದ ಮೇಲೆ ಒಡೆದು ಹೊರಬರುತ್ತದೆ. ಹಾರಲಾರದ ಕಾರಣ ಮರಿಗಳನ್ನು ಬಲೆಚೀಲದಲ್ಲಿ ಬಾಚಬಹುದು, ಉಳುಮೆ ಮಾಡಿ ಮೊಟ್ಟೆಯನ್ನು ಬಿಸಿಲಿಗೆ ತರಬಹುದು. ಕೊಳೆರೋಗವನ್ನು ಬಾಚುವುದೂ ಇಲ್ಲ, ಉಳುವುದೂ ಇಲ್ಲ. ಅಲ್ಲಿ ಕಾಯಿಗೆ ರೋಗಾಣು ತಾಗುವ ಮೊದಲೇ ಅಂಗಿ ತೊಡಿಸಬೇಕು. ಮಲೆನಾಡಿಗರು ಕರಡದ ಹುಲ್ಲಿನ ಕೊಟ್ಟೆ ಕಟ್ಟಿ ಗೊನೆಗೆ ಮಳೆ ತಾಗದಂತೆ ಮೊದಲಿಂದಲೂ ಅದನ್ನೇ ಮಾಡುತ್ತಿದ್ದರು. ಕೋಲ್ಮನ್ ಆ ಜಾಗಕ್ಕೆ ಬೋರ್ಡೋ ದ್ರಾವಣ ತಂದರು. ಆಗ ಕಾರ್ಕಳ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಮೈಸೂರಿನ ಆಡಳಿತ ಇಲ್ಲಿಗೆ ಇರಲಿಲ್ಲ. ಆದರೂ ಮದ್ದು ಘಟ್ಟದ ಎರಡೂ ಬದಿಯಲ್ಲಿ ನೆಲೆಯಾಯಿತು.

ಆ ಮದ್ದು ಹುಟ್ಟಿದ ಕಥೆಯಲ್ಲೂ ಕೀಟ ಮತ್ತು ಬೂಸು ಒಟ್ಟಿಗೇ ಬರುತ್ತವೆ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನು ಜಾತಿಯ ಕೀಟ ಫ್ರಾನ್ಸಿನ ದ್ರಾಕ್ಷಿಯ ಬೇರು ಹೀರಿ ತೋಟಗಳನ್ನು ಒಣಗಿಸಿತು. ಅದನ್ನು ತಡೆದುಕೊಳ್ಳುವ ಅಮೆರಿಕದ ದ್ರಾಕ್ಷಿ ಗಿಡಗಳನ್ನು ತಂದು ಕಸಿ ಕಟ್ಟಿದರು. 1878ರ ಹೊತ್ತಿಗೆ ಅಮೆರಿಕದ್ದೇ ಆದ ಬೂಜುರೋಗ ಫ್ರಾನ್ಸಿನಲ್ಲಿ ಕಾಣಿಸಿಕೊಂಡಿತು. ಕೀಟಕ್ಕೆಂದು ತಂದ ಗಿಡದ ಜೊತೆ ಅದು ಬಂದಿತೆಂಬುದು ಸಾಮಾನ್ಯ ಅಭಿಪ್ರಾಯ. 1882ರಲ್ಲಿ ಬೋರ್ಡೋದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ ಒಂದು ವಿಷಯ ಗಮನಿಸಿದರು. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಬೆರೆಸಿ ಎರಚಿದ್ದರು. ಎಲೆ ಉಳಿದದ್ದು ಆ ಬಳ್ಳಿಗಳಲ್ಲಿ ಮಾತ್ರ. ಪ್ರಯೋಗಗಳ ನಂತರ 1885ರಲ್ಲಿ ಅವರು ಅದನ್ನು ಪ್ರಕಟಿಸಿದರು.

ನಿಟ್ಟೆಯ ತೋಟದಲ್ಲಿ ಮೇ ಕೊನೆಗೆ ಡ್ರಮ್ಮಿನಲ್ಲಿ ಕದಡುವ ನೀಲಿ ಮದ್ದು ಅದೇ. ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯಬೇಕು. ಹದ ನೋಡಲು ಹೊಳೆಯುವ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು ರೂಢಿ. ಅಲಗಿನ ಮೇಲೆ ಕೆಂಪು ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ. ಅದೇ ದಿನ ಬಿಟ್ಟು ಮುಗಿಸಬೇಕು. ಮಳೆಗೆ ಮೊದಲು ಒಮ್ಮೆ, ಮತ್ತೆ 40–45 ದಿನಕ್ಕೆ ಇನ್ನೊಮ್ಮೆ, ಮಳೆ ಎಳೆದರೆ ಮೂರನೆಯ ಸಲ. ಗಟಾರು ಪಂಪು ಹೋಗಿ ಮೋಟಾರು ಬಂದಿದೆ, ಮರ ಹತ್ತುವವರು ಸಿಗದೆ ಉದ್ದದ ದೋಟಿ ಬಂದಿದೆ. ಮದ್ದು ಮಾತ್ರ ಅದೇ.

ಈಗ ಕಷ್ಟದ ಮಾತು. ಎಷ್ಟೋ ತೋಟಗಳಲ್ಲಿ ಕಾಯಿ ಬಿದ್ದರೆ ಸಾಕು, ಅಂಗಡಿಯಲ್ಲಿ ಕೊಟ್ಟ ಎರಡು ಬಾಟಲಿಗಳನ್ನು ಒಂದೇ ಡ್ರಮ್ಮಿಗೆ ಸುರಿದು ಬಿಡುವ ಅಭ್ಯಾಸ ಬೆಳೆದಿದೆ, ಒಂದು ಹುಳಕ್ಕೆ, ಒಂದು ರೋಗಕ್ಕೆ ಎಂದು. ಇದು ಹಣದ ನಷ್ಟವಷ್ಟೇ ಅಲ್ಲ, ಅಪಾಯವೂ ಹೌದು. ಯಾಕೆಂದು ತಿಳಿಯಲು ತಿಗಣೆ ಮತ್ತು ರೋಗಾಣು ಇವೆರಡರ ಮೈಕಟ್ಟನ್ನು ಹತ್ತಿರದಿಂದ ನೋಡಬೇಕು.

ತಿಗಣೆಯ ಹೊರಕವಚ ಕೈಟಿನ್ ಎಂಬ ವಸ್ತುವಿನದು. ನಿಜವಾದ ಶಿಲೀಂಧ್ರಗಳ ಕೋಶದ ಗೋಡೆಯಲ್ಲೂ ಅದೇ ಕೈಟಿನ್ ಇದೆ. ಅಣಬೆ, ಬೂಸು ಮುಂತಾದವು ವಂಶದಲ್ಲಿ ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಕೊಳೆರೋಗದ ಫೈಟಾಫ್ತೊರಾ ಈ ಮನೆತನದ್ದೇ ಅಲ್ಲ. ಕೋಲ್ಮನ್ನರ ಕಾಲದಲ್ಲಿ ಅದನ್ನು ಶಿಲೀಂಧ್ರವೆಂದೇ ಎಣಿಸುತ್ತಿದ್ದರು, ರೈತರ ಮಾತಿನಲ್ಲಿ ಇಂದಿಗೂ ಅದು ಶಿಲೀಂಧ್ರವೇ. ಆದರೆ ಅದರ ಕೋಶದ ಗೋಡೆ ಮುಖ್ಯವಾಗಿ ಸೆಲ್ಯುಲೋಸಿನಂಥ ವಸ್ತುಗಳದ್ದು, ಕೈಟಿನ್ನಿನದಲ್ಲ. ಇಂದಿನ ವರ್ಗೀಕರಣದಲ್ಲಿ ಅದರ ದೂರದ ಬಂಧುಗಳೆಂದರೆ ಕಾಪು, ಮಲ್ಪೆಯ ಕಡಲಬಂಡೆಗಳಿಗೆ ಅಂಟಿ ಬೆಳೆಯುವ ಕಂದು ಪಾಚಿಗಳು. ಹತ್ತಿರದ ಬಂಧು 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ, ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ರೋಗಾಣು. ಕೊಳೆಗೆ ಮುಖ್ಯ ಕಾರಣವೆಂದು ಈಗ ಹೇಳುವ ಫೈಟಾಫ್ತೊರಾ ಮೀಡಿ ರಬ್ಬರಿನ ಎಲೆಯನ್ನೂ ಮಳೆಗಾಲದಲ್ಲಿ ಉದುರಿಸುತ್ತದೆ. ಅಡಿಕೆ ತೋಟದ ಪಕ್ಕದ ಗುಡ್ಡದಲ್ಲಿ ರಬ್ಬರ್ ಇರುವವರು ಇದನ್ನು ನೆನಪಿಡಬೇಕು.

ಇದು ಪುಸ್ತಕದ ಸಂಗತಿಯಷ್ಟೇ ಅಲ್ಲ. ಎಷ್ಟೋ ಬೆಳೆಗಳ ಶಿಲೀಂಧ್ರರೋಗಕ್ಕೆ ಗುಣ ಕೊಡುವ ಕಾರ್ಬೆಂಡಜಿಮ್, ಕೊಳೆರೋಗದ ಎದುರು ಕೈಲಾಗದ್ದು. ಮನೆತನವೇ ಬೇರೆಯಾದ್ದರಿಂದ ಅದರ ಪೆಟ್ಟು ಇಲ್ಲಿ ತಾಗುವುದಿಲ್ಲ. ಸಿಂಗಾರ ಒಣಗಿಸುವ, ಎಲೆಚುಕ್ಕೆ ತರುವ ಕೊಲೆಟೋಟ್ರೈಕಮ್ ನಿಜವಾದ ಶಿಲೀಂಧ್ರ, ಅದರ ಲೆಕ್ಕ ಬೇರೆ. ಬೋರ್ಡೋದ ತಾಮ್ರ ಎರಡನ್ನೂ ತಡೆಯುತ್ತದೆ. ತಿಗಣೆಯನ್ನು ಮಾತ್ರ ಅದು ಏನೂ ಮಾಡದು.

ತಿಗಣೆಗೆ ನರಗಳಿವೆ. ಮಾರುಕಟ್ಟೆಯ ಹೆಚ್ಚಿನ ಕೀಟನಾಶಕಗಳು ಕೊಲ್ಲುವುದು ಆ ನರಗಳ ಮೂಲಕ. ಕೊಳೆರೋಗಕ್ಕೆ, ಬೂಸಿಗೆ ನರವೆಂಬುದೇ ಇಲ್ಲ. ಮನುಷ್ಯನಿಗೆ ಇದೆ. ಹುಳಕ್ಕೆ ಬಿಟ್ಟ ಮದ್ದು, ಅದನ್ನು ಬಿಡುವವನ ಮೈಗೂ ಹತ್ತಿರ ಬರುವುದು ಇದೇ ಕಾರಣಕ್ಕೆ. ಕರಾವಳಿ ಇದನ್ನು ಬಹಳ ದೊಡ್ಡ ಬೆಲೆ ತೆತ್ತು ಕಲಿತಿದೆ. ಗೇರಿನ ಚಿಗುರು, ಹೂಗೊಂಚಲು ಹೀರುವ ಟೀ ಸೊಳ್ಳೆ ಎಂಬ ಸಣ್ಣ ತಿಗಣೆಯನ್ನು ಕೊಲ್ಲಲು ಕಾಸರಗೋಡಿನಲ್ಲೂ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯಂಥ ಊರುಗಳಲ್ಲೂ ಸುಮಾರು 20 ವರ್ಷ, 2000ದ ತನಕ, ಗೇರು ನೆಡುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅದೂ ನರಕ್ಕೆ ತಾಗುವ ವಿಷವೇ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ದೇಶದಾದ್ಯಂತ ತಡೆ ಹಾಕಿತು. ಎಂಡೋಸಲ್ಫಾನ್ ಸಂತ್ರಸ್ತರೆಂದು ಸರಕಾರ ಗುರುತಿಸಿದವರು ದಕ್ಷಿಣ ಕನ್ನಡದಲ್ಲಿದ್ದಾರೆ, ಉಡುಪಿಯಲ್ಲಿದ್ದಾರೆ, ಉತ್ತರ ಕನ್ನಡದಲ್ಲೂ ಇದ್ದಾರೆ. ಹಾಸಿಗೆ ಬಿಟ್ಟೇಳದ ಮಕ್ಕಳನ್ನು ಹಗಲಿರುಳು ನೋಡಿಕೊಂಡ ತಾಯಂದಿರು ಆ ಊರುಗಳಲ್ಲಿದ್ದಾರೆ. ತಾಮ್ರ ನಿರುಪದ್ರವಿ ಎಂದೇನೂ ಅಲ್ಲ. ಅದು ಕರಗಿ ಹೋಗದೆ ವರ್ಷದಿಂದ ವರ್ಷಕ್ಕೆ ತೋಟದ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ಅಗತ್ಯವಿಲ್ಲದೆ ಅದನ್ನೂ ಸುರಿಯಬಾರದು.

ಗೇರಿನ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಹೂಗೊಂಚಲು ಕರಟಿ ಒಣಗುವುದು ರೋಗವೋ ಕೀಟವೋ ಎಂದು ವಿಜ್ಞಾನಿಗಳೂ ಬಹಳ ಕಾಲ ತಡಕಾಡಿದರು. ಒಣಗಿದ ಗೊಂಚಲನ್ನು ಪ್ರಯೋಗಾಲಯಕ್ಕೆ ಒಯ್ದರೆ ಅದರಲ್ಲಿ ಶಿಲೀಂಧ್ರ ಸಿಕ್ಕೇ ಸಿಗುತ್ತಿತ್ತು. ಕೊನೆಗೆ ತಿಳಿದದ್ದು, ಮೊದಲ ಗಾಯ ಟೀ ಸೊಳ್ಳೆಯದ್ದು, ಶಿಲೀಂಧ್ರ ಬರುವುದು ಆ ಗಾಯದ ಬೆನ್ನಿಗೆ. ಚಗಳಿ ಇರುವೆ ಗೂಡು ಕಟ್ಟಿದ ಗೇರು ಮರಕ್ಕೆ ಟೀ ಸೊಳ್ಳೆಯ ಕಾಟ ಕಡಿಮೆ. ಕೊಯ್ಲಿನ ಹೊತ್ತಿಗೆ ಕಚ್ಚಿಸಿಕೊಳ್ಳಬೇಕಾಗುತ್ತದೆ ನಿಜ, ಆದರೂ ಆ ಗೂಡುಗಳನ್ನು ಸುಡದೆ ಬಿಡುವುದು ಲಾಭವೇ.

ಕಾರ್ಕಳದ ಕಜೆ ಭತ್ತ ಬೆಳೆಯುವ ಗದ್ದೆಯಲ್ಲಿ ಇದೇ ಜೋಡಿ ಬೇರೆ ವೇಷದಲ್ಲಿದೆ. ಬುಡದಲ್ಲಿ ಕುಳಿತು ರಸ ಹೀರುವ ಕಂದು ಜಿಗಿಹುಳು ಒಂದು ಕಡೆ, ಎಲೆಯ ಮೇಲೆ ಕದಿರಿನಾಕಾರದ ಮಚ್ಚೆ ಮೂಡಿಸಿ ತೆನೆಯ ಕುತ್ತಿಗೆ ಮುರಿಯುವ ಬೆಂಕಿರೋಗ ಇನ್ನೊಂದು ಕಡೆ. ಇವೆರಡೂ ಒಪ್ಪುವ ವಿಷಯ ಒಂದಿದೆ, ಯೂರಿಯಾ. ಅತಿಯಾಗಿ ಯೂರಿಯಾ ತಿಂದು ಕಡು ಹಸಿರಾಗಿ ಸೊಕ್ಕಿದ ಪೈರಿನ ಮೆತ್ತನೆಯ ಅಂಗಾಂಶ ಹುಳಕ್ಕೂ ಹಿತ, ಬೂಸಿಗೂ ಹಿತ. ಗೊಬ್ಬರ ಹಾಕುವ ಕೈ ಬಿಗಿಹಿಡಿದರೆ ಎರಡು ಮದ್ದು ಉಳಿಯುತ್ತದೆ.

ತೆಂಗಿನಲ್ಲಿ ನಡೆಯುವುದು ಇನ್ನೂ ಕುತೂಹಲದ ಸಂಗತಿ. ಕುರುವಾಯಿ ದುಂಬಿ ಬಿರಿಯದ ಸುಳಿಯನ್ನು ಕೊರೆದು ಒಳಗಿನ ರಸ ಕುಡಿಯುತ್ತದೆ. ಗರಿ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದಂತೆ ಓರೆಯಾಗಿ ತುಂಡಾಗಿರುವುದು ಅದರ ಗುರುತು. ಆ ಗಾಯದ ವಾಸನೆಗೆ ಕೆಂಪು ಮೂತಿಹುಳು ಬರುತ್ತದೆ, ಮಳೆಗಾಲವಾದರೆ ಸುಳಿಕೊಳೆಗೂ ದಾರಿಯಾಗಬಹುದು. ಆದರೆ ಈ ದುಂಬಿ ಹುಟ್ಟಿ ಬೆಳೆಯುವುದು ಮರದ ಮೇಲಲ್ಲ, ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿಯಲ್ಲಿ, ಕೊಳೆತ ತೆಂಗಿನ ಕಾಂಡದಲ್ಲಿ. ಕೊಟ್ಟಿಗೆಗೊಬ್ಬರ ಎಳೆಯುವಾಗ ಸಿಗುವ ದಪ್ಪ ಬಿಳಿ ಹುಳ ಅದರ ಮರಿ. ಅಲ್ಲಿ ಅದಕ್ಕೊಂದು ಶತ್ರು ಇದೆ, ಮೆಟರೈಸಿಯಮ್ ಎಂಬ ಶಿಲೀಂಧ್ರ. 1879ರಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿ ಒಡೆಸ್ಸಾದಲ್ಲಿ ಗೋಧಿಯ ದುಂಬಿಗಳ ಮೇಲೆ ಇದನ್ನು ಗುರುತಿಸಿದ್ದರು. ಹುಳ ಇದನ್ನು ತಿನ್ನಬೇಕಾಗಿಲ್ಲ, ಮೈಗೆ ತಾಗಿದರೆ ಸಾಕು. ಬೀಜಕಣ ಮೊಳೆತು ಕೈಟಿನ್ ಕವಚವನ್ನು ಕರಗಿಸಿ ಒಳಹೋಗುತ್ತದೆ, ಹುಳ ಗಟ್ಟಿಯಾಗಿ ಸಾಯುತ್ತದೆ, ಮೈಮೇಲೆ ಮೊದಲು ಬಿಳಿ, ಆಮೇಲೆ ಪಾಚಿಹಸಿರು ಹುಡಿ ಕೂಡುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದನ್ನು ಬೆಳೆಸಿ ಗೊಬ್ಬರದ ಗುಂಡಿಗೆ ಬೆರೆಸಲು ಬಹುಕಾಲದಿಂದ ಹೇಳುತ್ತಾ ಬಂದಿದೆ.

ಈ ಶಿಲೀಂಧ್ರಕ್ಕೂ ಬೇಕಾದ್ದು ತೇವ, ನೆರಳು. ಸುಡುಬಿಸಿಲಿಗೆ ಬೀಜಕಣ ಸಾಯುತ್ತದೆ, ಆದ್ದರಿಂದ ಬೆರೆಸುವ ಕಾಲ ಮಳೆ ಹಿಡಿದ ಮೇಲೆ. ಹಸಿರು ಹುಡಿ ಕೂತ ಸತ್ತ ಹುಳ ಸಿಕ್ಕಿದರೆ ಅದನ್ನು ಎಸೆಯದೆ ಅದೇ ಗುಂಡಿಯ ಗೊಬ್ಬರಕ್ಕೆ ಪುಡಿಮಾಡಿ ಸೇರಿಸಬಹುದು. ಮತ್ತೆ, ಕೊಳೆಗೆ ಮದ್ದು ಬಿಟ್ಟಾದ ಮೇಲೆ ಡ್ರಮ್ಮು, ಪಂಪು ತೊಳೆದ ನೀಲಿ ನೀರನ್ನು ಆ ಗುಂಡಿಗೆ ಚೆಲ್ಲಬಾರದು. ಅಡಿಕೆಯ ಕೊಳೆಯನ್ನು ತಡೆಯುವ ತಾಮ್ರ ಈ ಹಸಿರು ಶಿಲೀಂಧ್ರಕ್ಕೂ ಹಾನಿ ಮಾಡಬಹುದು.